ತುಕ್ಕಿನಡಿಯ ನಂಬರು

ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ಹೆದ್ದಾರಿ ಸೂಲಿಬೆಲೆ ಮುಟ್ಟುವಷ್ಟರಲ್ಲಿ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರಗಳು ಹಿಂದೆ ಸರಿದು ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶಾಪುಗಳು ಕಾಣಿಸಿಕೊಳ್ಳುತ್ತವೆ. ಅವುಗಳ ನಡುವೆ ಒಂದು ತಗಡಿನ ಶೆಡ್ಡು. ವರ್ಷಗಟ್ಟಲೆ ಸುಟ್ಟ ಆಯಿಲ್ ಕುಡಿದು ಕರಿಕಲ್ಲಿನಂತಾದ ನೆಲ. ಮೂಲೆಯಲ್ಲಿ ಅಂಬಾಸಿಡರ್ ಗಿಯರ್ ಬಾಕ್ಸು, ಮೊಳೆಗೆ ಜೋತುಬಿದ್ದ ಫ್ಯಾನ್ ಬೆಲ್ಟುಗಳು. ನಟ್ಟನಡುವೆ, ಚೈನ್ ಪುಲ್ಲಿಯಿಂದ ಇಳಿಸಿ ಹಳೇ ಟೈರುಗಳ ಮೇಲೆ ಕೂರಿಸಿದ ಎಂಜಿನ್.

ಪಂಪ್‌ಹೌಸಿನ ಹಿಂದೆ ಬಿದ್ದಿದ್ದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ ಹುಡುಗ ಪಕ್ಕದಲ್ಲೇ ನಿಂತಿದ್ದಾನೆ. "ಭಾಯ್, ಗುಜರಿಯೋನು ಕೆಜಿ ಲೆಕ್ಕ ಹಾಕವ್ನೆ. ಕೊಟ್ಬುಡ್ಲಾ?"

ಮೆಕ್ಯಾನಿಕ್ ಭಾಯ್ ಮಾತಾಡುವುದಿಲ್ಲ. ಎಂಜಿನ್ನಿನ ಸುತ್ತ ಒಂದು ಸುತ್ತು ಬರುತ್ತಾರೆ. ನಾಲ್ಕು ಸಿಲಿಂಡರ್. ಹೆಡ್ಡಿನ ಮೇಲೆ ರಾಕರ್ ಕವರ್ ಇಲ್ಲ. ಅಂಬಾಸಿಡರಿನ 1,489 ಸಿಸಿ ಎಂಜಿನ್ನಾಗಲಿ, ಫಿಯಟ್ಟಿನ 1,089 ಸಿಸಿಯದ್ದಾಗಲಿ, ವಾಲ್ವುಗಳು ಹೆಡ್ಡಿನಲ್ಲಿರುತ್ತವೆ. ಮೇಲೊಂದು ಮುಚ್ಚಳ ಬೇಕೇ ಬೇಕು. ಇದರಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕಕ್ಕೆ ಬ್ಲಾಕಿನೊಳಗೇ ಇರುವುದರಿಂದ ಹೆಡ್ಡು ಚಪ್ಪಟೆ. "ವಿಲ್ಲೀಸ್ ಕಣಪ್ಪ ಇದು. ಜೀಪಿಂದು."

2,199 ಸಿಸಿ, 60 ಅಶ್ವಶಕ್ತಿಯ ಎಂಜಿನ್. ಎರಡನೇ ಮಹಾಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಆ ಯುದ್ಧದ ನೆರಳು ಇಲ್ಲಿಗೂ ಚಾಚಿತ್ತು: 1943ರಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯೇ ಅಮೆರಿಕದ ಸೇನಾ ವಿಮಾನಗಳ ರಿಪೇರಿ ಡಿಪೋ ಆಗಿತ್ತು. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಕೊಟ್ಟ ಜೀಪುಗಳು ಹರಾಜಾಗಿ ಕಂಟ್ರಾಕ್ಟರು, ಜಮೀನುದಾರರ ಕೈಸೇರಿದವು. ಈ ಹುಡುಗನ ತಾತ ಅಂಥದ್ದೊಂದರಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುತ್ತಿದ್ದರಂತೆ. ಪೆಟ್ರೋಲ್ ತುಟ್ಟಿಯಾದಾಗ ಎಷ್ಟೋ ಜೀಪುಗಳಿಗೆ ಆದಂತೆ ಅದಕ್ಕೂ ಡೀಸೆಲ್ ಎಂಜಿನ್ ಬಂತು; ಇದು ಮಳೆಗೆ ಬಿತ್ತು.

ಬ್ಲಾಕಿನ ಮುಂದಿನ ಬಲಮೂಲೆಗೆ ಸೀಮೆಎಣ್ಣೆ ಸುರಿದು ವೈರ್ ಬ್ರಷ್ಷಿನಿಂದ ಉಜ್ಜುತ್ತಾರೆ. ತುಕ್ಕು ಪುಡಿಯಾಗಿ ಉದುರುತ್ತದೆ. ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ತಿಕ್ಕಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ: ಎಂ, ಬಿ, ಮುಂದೆ ಅಂಕಿಗಳು. ಎಂಬಿ ಅಂದರೆ ವಿಲ್ಲೀಸ್ ಮಾಡಿದ ಯುದ್ಧಕಾಲದ ಎಂಜಿನ್. ಫೋರ್ಡಿನದ್ದಾಗಿದ್ದರೆ ಜಿಪಿಡಬ್ಲ್ಯೂ ಇರುತ್ತಿತ್ತು. ಯುದ್ಧದ ನಂತರದ ಸಿಜೆ-2ಎ ಜೀಪಿನದ್ದು ಜೆ ಅಕ್ಷರದಿಂದ ಶುರು. ನಂಬರಿನ ಸುತ್ತ ಗ್ರೈಂಡರ್ ಓಡಿದ ಗುರುತಿದೆಯೇ, ಅಂಕಿಗಳು ಸೊಟ್ಟಸೊಟ್ಟ ಕೂತಿವೆಯೇ ಎಂದು ಭಾಯ್ ಬೆರಳಾಡಿಸಿ ನೋಡುತ್ತಾರೆ. ಅಳಿಸಿ ಹೊಡೆದ ನಂಬರಿನ ಎಂಜಿನ್ನನ್ನು ತಿಳಿದವರು ಮುಟ್ಟುವುದಿಲ್ಲ.

ಆಮೇಲೆ ದೇಹಪರೀಕ್ಷೆ. ಪ್ಲಗ್ ಬಿಚ್ಚಿ, ಕ್ರ್ಯಾಂಕಿಗೆ ಸ್ಪ್ಯಾನರ್ ಹಾಕಿ ತಿರುವಿದರೆ ಕದಲುವುದಿಲ್ಲ. ಜಾಮ್. ಅದಕ್ಕೆ ಹೆದರಬೇಕಿಲ್ಲ, ಪ್ಲಗ್ ತೂತಿನಲ್ಲಿ ಡೀಸೆಲ್ ಬಿಟ್ಟು ದಿನಗಟ್ಟಲೆ ನೆನೆಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಹೆದರಬೇಕಾದ್ದು ಬಿರುಕಿಗೆ. ಹೆಡ್ಡು ಎತ್ತಿ, ಎಕ್ಸಾಸ್ಟ್ ವಾಲ್ವಿನ ಸೀಟಿಗೂ ಬೋರಿಗೂ ನಡುವಿನ ಸಣ್ಣ ಜಾಗವನ್ನು ಕಣ್ಣಿಗೆ ಹತ್ತಿರ ತಂದು ನೋಡುತ್ತಾರೆ. ಈ ಜಾತಿಯ ಎಂಜಿನ್ ಸಾಯುವುದೇ ಅಲ್ಲಿ. ಇಲ್ಲಿ ಗೆರೆಯಿಲ್ಲ. ಬೋರಿನ ಮೇಲಂಚಿಗೆ ಉಗುರು ತಾಗಿಸುತ್ತಾರೆ. ಸವೆದಿದ್ದರೆ ಉಗುರು ಮೆಟ್ಟಿಲು ಹತ್ತಿದಂತೆ ತಡೆಯುತ್ತದೆ. ಪಿಸ್ಟನ್ ನೆತ್ತಿಯ ಮಸಿ ಒರೆಸಿದರೆ 20 ಎಂಬ ಗುರುತು. ಅಂದರೆ ಹಿಂದೊಮ್ಮೆ ಇಂಚಿನ ಸಾವಿರದಲ್ಲಿ ಇಪ್ಪತ್ತು ಪಾಲು ಬೋರ್ ಹಿಗ್ಗಿಸಿದ್ದಾರೆ. "ಇನ್ನೂ ಥರ್ಟಿ, ಫಾರ್ಟಿ ಹೋಗ್ಬೋದು. ಸ್ಲೀವ್ ಬ್ಯಾಡ." ಈ ಒಂದು ಮಾತಿಗೆ ಎಂಜಿನ್ನಿನ ಬೆಲೆ ಏರುತ್ತದೆ. ಕೊನೆಗೆ ಮುಂದಿನ ಕವರ್ ಬಿಚ್ಚಿದಾಗ ಟೈಮಿಂಗ್ ಚೈನ್ ಕಾಣುತ್ತದೆ. ಯುದ್ಧದ ನಂತರ ಅಲ್ಲಿಗೆ ಗಿಯರ್ ಬಂದಿತ್ತು. ಹಾಗಾಗಿ ನಂಬರು ಹೇಳಿದ್ದು ಸುಳ್ಳಲ್ಲ.

ಕೆಜಿ ಲೆಕ್ಕಕ್ಕೆ ತೂಗಿದರೆ ಒಂದೂವರೆ ಕ್ವಿಂಟಲ್ ಮೀರುವ ಬೀಡುಕಬ್ಬಿಣ ಅಷ್ಟೇ. ಬಿಡಿಭಾಗಗಳಾಗಿ ಶಿವಾಜಿನಗರದ ಗುಜರಿಗೆ ಒಯ್ದರೆ ಇನ್ನಷ್ಟು ಸಿಕ್ಕೀತು. ಆದರೆ ನನ್ನ ಪ್ರಕಾರ ಹಳೇ ಎಂಜಿನ್ನಿನ ನಿಜವಾದ ಬೆಲೆ ಇರುವುದು ಅದಕ್ಕಾಗಿ ಕಾದಿರುವ ಗಾಡಿಯಲ್ಲಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ, ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ಎಂಬ ಮನ್ನಣೆ, ವಿಎ ಅಕ್ಷರಗಳ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತದೆ. ಡೀಸೆಲ್ ಎಂಜಿನ್ ಕೂರಿಸಿಕೊಂಡ ಜೀಪಿಗೆ ಆ ದಾರಿ ಕಷ್ಟ. ಫೋರ್ಡ್ ಜೀಪಿನಲ್ಲಾದರೆ ಷಾಸಿ ನಂಬರೂ ಎಂಜಿನ್ ನಂಬರೂ ಒಂದೇ. ವಿಲ್ಲೀಸಿನಲ್ಲಿ ಕಾರ್ಖಾನೆಯಿಂದಲೇ ಬೇರೆ ಬೇರೆ. ಹಾಗಾಗಿ ಈ ಎಂಜಿನ್ ಆ ಜೀಪಿನದ್ದೇ ಎನ್ನಲು ಕಾಗದವೇ ಸಾಕ್ಷಿ. ಒಂದು ಮಧ್ಯಾಹ್ನ ಉಜ್ಜಿ ನೋಡುವ ತಾಳ್ಮೆಯಿಲ್ಲದೆ ಇಂಥವನ್ನು ಕರಗಿಸುವ ಕುಲುಮೆಗೆ ಕಳಿಸುತ್ತಿದ್ದೇವೆ ಎಂಬುದು ನನಗೆ ನಿಜಕ್ಕೂ ಸಂಕಟದ ಸಂಗತಿ.

"ಜೀಪ್ ಎಲ್ಲೈತೆ?" ಭಾಯ್ ಕೇಳುತ್ತಾರೆ.

"ದೊಡ್ಡಪ್ಪನ ಕೊಟ್ಟಿಗೇಲಿ. ಎಂವೈ ನಂಬರ್ ಪ್ಲೇಟು ಅಂಗೇ ಐತೆ."

"ಆರ್‌ಸಿ ಬುಕ್ಕು ತಕ್ಕೊಂಬಾ. ಡೀಸೆಲ್ ಹಾಕ್ಸಿದಾಗ ಆರ್‌ಟಿಓದಲ್ಲಿ ಬರ್ಸಿಲ್ಲ ಅಂದ್ರೆ ಈ ನಂಬರೇ ಇರ್ತದೆ. ಅಲ್ಲೀಗಂಟ ರೇಟ್ ಮಾತು ಬ್ಯಾಡ."

ಹುಡುಗ ನಂಬರಿನ ಫೋಟೋ ತೆಗೆದುಕೊಂಡು ಮನೆಗೆ ಫೋನ್ ಹಚ್ಚುತ್ತಾನೆ. "ಅಮ್ಮಾ, ತಾತನ ಟ್ರಂಕ್ ಬೀಗದ ಕೈ ಎಲ್ಲಿಟ್ಟಿದ್ದೀಯ?"