ಮಕ್ಕಳ ಲಸಿಕೆಯೂ ಹಿರಿಯರ ರೋಗಗಳೂ

ಆರು ವಾರದ ಶಿಶುವಿನ ತೊಡೆಗೆ ಚುಚ್ಚಿದ ಸೂಜಿಯಿಂದ, ಅದೇ ಮನೆಯ ಜಗುಲಿಯಲ್ಲಿ ಕೆಮ್ಮುತ್ತ ಕುಳಿತ ಅಜ್ಜನಿಗೆ ಏನು ಉಪಕಾರವೆಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಸರಿಯಲ್ಲ. ಕೆಲವು ರೋಗಗಳಲ್ಲಿ ಅಜ್ಜನಿಗೆ ಬಹಳ ಉಪಕಾರವುಂಟು. ಕೆಲವದರಲ್ಲಿ ಉಪಕಾರದೊಡನೆ ಹೊಸದೊಂದು ಅಪಾಯವೂ ತಲೆದೋರುತ್ತದೆ. ಮತ್ತೊಂದರಲ್ಲಿ ಎಳ್ಳಷ್ಟೂ ಉಪಕಾರವಿಲ್ಲ. ರೋಗಾಣುವು ಎಲ್ಲಿ ವಾಸಮಾಡುತ್ತದೆ, ಯಾವ ದಾರಿಯಿಂದ ನಮ್ಮ ಬಳಿಗೆ ಬರುತ್ತದೆ ಎಂಬುದನ್ನು ತಿಳಿದರೆ ಈ ಭೇದಕ್ಕೆ ಕಾರಣವು ತಾನಾಗಿ ತಿಳಿಯುತ್ತದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೈತರ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮೂರು ರೋಗಗಳ ಮೂಲಕ ಇದನ್ನು ವಿಚಾರಮಾಡೋಣ.

ಮೊದಲನೆಯದು ನ್ಯುಮೋನಿಯ. ಈ ರೋಗಕ್ಕೆ ಕಾರಣಗಳು ಹಲವಾದರೂ, ಅವುಗಳಲ್ಲಿ ಮುಖ್ಯವಾದುದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯ. ಇದರಲ್ಲಿ ನೂರಕ್ಕೂ ಮೇಲ್ಪಟ್ಟ ಬಗೆಗಳುಂಟು. ಇದರ ತವರುಮನೆಯೆಂದರೆ ಚಿಕ್ಕಮಕ್ಕಳ ಮೂಗಿನ ಹಿಂಭಾಗ. ಮಗುವಿಗೆ ಯಾವ ಬಾಧೆಯನ್ನೂ ಕೊಡದೆ ಅದು ಅಲ್ಲಿ ವಾರಗಟ್ಟಲೆ ಇರಬಲ್ಲುದು; ಸೀನು ಕೆಮ್ಮುಗಳ ಮೂಲಕ, ಮಗುವನ್ನು ಎತ್ತಿ ಆಡಿಸುವವರನ್ನು ಸೇರಬಲ್ಲುದು. ಮುಪ್ಪಿನಿಂದಲೋ ಮಧುಮೇಹದಿಂದಲೋ ಬೀಡಿಯ ಹೊಗೆಯಿಂದಲೋ ಕುಗ್ಗಿದ ದೇಹದಲ್ಲಿ ಅದೇ ರೋಗಾಣು ಶ್ವಾಸಕೋಶಕ್ಕೂ ರಕ್ತಕ್ಕೂ ಇಳಿದು ಪ್ರಾಣವನ್ನು ಕೊಂಡೊಯ್ಯಬಹುದು.

ಹಿಂದೆ ಹಿರಿಯರಿಗಾಗಿ ಸಿದ್ಧವಾದ ಲಸಿಕೆಯನ್ನು ಈ ರೋಗಾಣುವಿನ ಹೊರಹೊದಿಕೆಯ ಸಕ್ಕರೆಯಿಂದ ಮಾತ್ರ ಮಾಡುತ್ತಿದ್ದರು. ಶಿಶುಗಳ ದೇಹ ಅದಕ್ಕೆ ತಕ್ಕಂತೆ ಎಚ್ಚರಗೊಳ್ಳುತ್ತಿರಲಿಲ್ಲ. ಆ ಸಕ್ಕರೆಗೆ ಒಂದು ಪ್ರೋಟೀನನ್ನು ಜೋಡಿಸಿದ ಮೇಲೆ ಶಿಶುಗಳಿಗೂ ರಕ್ಷಣೆ ದೊರೆಯಿತು. ಅಷ್ಟೇ ಅಲ್ಲದೆ, ಅವರ ಮೂಗಿನಲ್ಲಿ ರೋಗಾಣು ನೆಲೆಸುವುದೂ ಕಡಮೆಯಾಯಿತು. ಅಮೆರಿಕದಲ್ಲಿ ೨೦೦೦ದಲ್ಲಿ ಏಳು ಬಗೆಗಳನ್ನು ತಡೆಯುವ ಇಂಥ ಲಸಿಕೆಯನ್ನು ಮಕ್ಕಳಿಗೆ ಕೊಡಲು ಆರಂಭಿಸಿದರು. ೨೦೦೩ರ ಲೆಕ್ಕವನ್ನು ನೋಡಿದಾಗ, ಲಸಿಕೆಯ ನೇರ ರಕ್ಷಣೆಯಿಂದ ತಪ್ಪಿದ ತೀವ್ರ ರೋಗಕ್ಕಿಂತ, ರೋಗಾಣುವಿನ ಸಂಚಾರವೇ ತಗ್ಗಿದುದರಿಂದ ತಪ್ಪಿದ ರೋಗವು ಎರಡರಷ್ಟಕ್ಕೂ ಹೆಚ್ಚಾಗಿತ್ತು. ಸೂಜಿಯನ್ನು ಕಾಣದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಲಸಿಕೆಯಿಂದ ಉಳಿದರು.

ಭಾರತದಲ್ಲಿ ಈ ಲಸಿಕೆ ೨೦೧೭ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ, ೨೦೨೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಹೀಗೆ ಮೂರು ಸಲ ಇದನ್ನು ಕೊಡುತ್ತಾರೆ. ಆದರೆ ಎರಡು ಮಾತನ್ನು ಮರೆಯಬಾರದು. ಲಸಿಕೆಯಲ್ಲಿರುವ ಬಗೆಗಳು ತೆರವುಮಾಡಿದ ಸ್ಥಳಕ್ಕೆ ಲಸಿಕೆಯಲ್ಲಿಲ್ಲದ ಬಗೆಗಳು ಬಂದು ಸೇರುವುದುಂಟು. ಆದುದರಿಂದಲೇ ಅಮೆರಿಕದಲ್ಲಿ ೨೦೧೦ರಲ್ಲಿ ಹದಿಮೂರು ಬಗೆಗಳ ಲಸಿಕೆಗೆ ಹೋಗಬೇಕಾಯಿತು. ಎರಡನೆಯದಾಗಿ, ಬಹುಪಾಲು ಮಕ್ಕಳಿಗೆ ಲಸಿಕೆಯಾದರೆ ಮಾತ್ರ ಹಿರಿಯರಿಗೆ ಈ ಲಾಭ. ಊರ ಮಕ್ಕಳಿಗೆಲ್ಲ ಲಸಿಕೆಯಾಗಿ, ಬಳ್ಳಾರಿಯ ಕಡೆಯಿಂದ ಕಬ್ಬು ಕಡಿಯಲು ಬಂದವರ ಗುಡಿಸಲ ಮಕ್ಕಳು ಮಾತ್ರ ಬಿಟ್ಟುಹೋದರೆ, ಆ ಮಕ್ಕಳಿಗೆ ಅನ್ಯಾಯವಾಗುವುದಲ್ಲದೆ ಊರಿನ ರಕ್ಷಣೆಯೂ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಎರಡನೆಯದು ಡಿಫ್ತೀರಿಯ, ಅಂದರೆ ಗಂಟಲಮಾರಿ. ಹಿಂದೆ ಇದು ಎಳೆಯ ಮಕ್ಕಳ ಉಸಿರನ್ನೇ ಕಟ್ಟಿಸುವ ರೋಗವಾಗಿತ್ತು. ಬದುಕಿ ಬೆಳೆದವರಿಗೆ ಈ ರೋಗಾಣುವಿನ ಸೋಂಕು ಮತ್ತೆ ಮತ್ತೆ ಸದ್ದಿಲ್ಲದೆ ತಗಲುತ್ತ, ದೇಹದ ಎಚ್ಚರವನ್ನು ಹೊಸದಾಗಿಸುತ್ತಿತ್ತು. ಮಕ್ಕಳಿಗೆ ಲಸಿಕೆ ಬಂದ ಮೇಲೆ ರೋಗಾಣುವಿನ ಸಂಚಾರ ತಗ್ಗಿತು. ಇದು ದೊಡ್ಡ ಲಾಭ. ಆದರೆ ಲಸಿಕೆಯ ಬಲ ಜೀವಮಾನ ಪರ್ಯಂತ ಇರತಕ್ಕದ್ದಲ್ಲ. ಹಿಂದಿನ ಸೋಂಕುಗಳೂ ಈಗ ಅದನ್ನು ಹೊಸದಾಗಿಸುವುದಿಲ್ಲ. ಹೀಗಾಗಿ ರೋಗವು ತೊಟ್ಟಿಲನ್ನು ಬಿಟ್ಟು ದೊಡ್ಡವರ ಕಡೆಗೆ ತಿರುಗುತ್ತದೆ. ಸೋವಿಯೆತ್ ಒಕ್ಕೂಟಕ್ಕೆ ಸೇರಿದ್ದ ದೇಶಗಳಲ್ಲಿ ೧೯೯೦ರಿಂದ ೧೯೯೮ರವರೆಗೆ ೧,೫೭,೦೦೦ಕ್ಕೂ ಹೆಚ್ಚು ಮಂದಿಗೆ ಈ ರೋಗ ತಗಲಿ ಸುಮಾರು ೫,೦೦೦ ಮಂದಿ ತೀರಿಕೊಂಡರು. ಅಲ್ಲಿ ಮಕ್ಕಳ ಲಸಿಕೆಯೂ ಸಡಿಲವಾಗಿತ್ತು, ಹಿರಿಯರ ರಕ್ಷಣೆಯೂ ಸವೆದಿತ್ತು. ರೋಗಿಗಳಲ್ಲಿ ಬಹುಮಂದಿ ಹದಿನೈದು ವರ್ಷ ದಾಟಿದವರು. ಭಾರತದಲ್ಲಿಯೂ ಈ ರೋಗ ಐದು ವರ್ಷ ಮೀರಿದವರಲ್ಲಿ ಹೆಚ್ಚಾಗಿ ಕಾಣುತ್ತಿದೆ. ಇದು ಲಸಿಕೆಯ ದೋಷವಲ್ಲ. ಅದನ್ನು ನಡುವೆ ನಿಲ್ಲಿಸುವುದರ ದೋಷ. ಒಂದೂವರೆ ವರ್ಷದ ಸುಮಾರಿನಲ್ಲಿಯೂ ಐದಾರು ವರ್ಷದಲ್ಲಿಯೂ ಕೊಡತಕ್ಕ ಮರುಲಸಿಕೆಗಳನ್ನು, ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲಿ ಕೊಡುವ ಟಿ.ಡಿ. ಲಸಿಕೆಯನ್ನು ಬಿಡದೆ ಹಾಕಿಸಿದರೆ ಈ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ.

ಮೂರನೆಯದು ಧನುರ್ವಾಯು. ಇದರ ಬೀಜಾಣುಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ವರ್ಷಗಟ್ಟಲೆ ಬದುಕಿರುತ್ತವೆ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡತಕ್ಕ ರೋಗವಲ್ಲ. ಆದುದರಿಂದ ಊರಿನ ಎಲ್ಲ ಮಕ್ಕಳಿಗೂ ಲಸಿಕೆ ಹಾಕಿಸಿದರೂ, ಲಸಿಕೆಯಿಲ್ಲದ ಅಜ್ಜನ ಕಾಲಿನ ಗಾಯಕ್ಕೆ ಅದು ಅಡ್ಡಬರಲಾರದು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಪಾಂಡವಪುರದ ಕಬ್ಬಿನ ಗದ್ದೆಯಾಗಲಿ, ನಾಗಮಂಗಲದ ರಾಗಿಯ ಹೊಲವಾಗಲಿ, ಮಚ್ಚು, ಕುಡುಗೋಲು, ಮುಳ್ಳು, ಕೊಟ್ಟಿಗೆಯ ಮೊಳೆ ಎಲ್ಲಿಯೂ ತಪ್ಪಿದುದಲ್ಲ. ಗರ್ಭಿಣಿಯರಿಗೆ ಲಸಿಕೆ ಕೊಟ್ಟುದರಿಂದಲೂ ಹೆರಿಗೆ ಶುಚಿಯಾದುದರಿಂದಲೂ ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲದ ಮಟ್ಟಕ್ಕೆ ಇಳಿಯಿತೆಂದು ೨೦೧೫ರಲ್ಲಿ ದೃಢಪಟ್ಟಿತು. ಆದರೆ ದೇಶದ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭವಾದುದೇ ೧೯೭೮ರಲ್ಲಿ. ಸಾರ್ವತ್ರಿಕವಾದುದು ೧೯೮೫ರ ತರುವಾಯ. ಅದಕ್ಕೆ ಹಿಂದೆ ಹುಟ್ಟಿದ ಗಂಡಸರಲ್ಲಿ ಅನೇಕರಿಗೆ ಬಾಲ್ಯದ ಲಸಿಕೆಯೂ ಇಲ್ಲ, ಹೆಂಗಸರಿಗೆ ಬಸುರಿನಲ್ಲಿ ದೊರೆತ ರಕ್ಷಣೆಯೂ ಇಲ್ಲ. ಇಂದಿಗೂ ನೇಗಿಲು ಗುದ್ದಲಿಗಳನ್ನು ಹಿಡಿಯುವವರು ಇವರೇ. ಇಲ್ಲಿ ಪ್ರತಿಯೊಬ್ಬನೂ ತನ್ನ ರಕ್ಷಣೆಯನ್ನು ತಾನೇ ಪಡೆಯತಕ್ಕದ್ದು.

ಆದಕಾರಣ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮಗುವಿನ ತಾಯಿ ಕಾರ್ಡನ್ನು ತೆಗೆದು, ಯಾವ ಲಸಿಕೆಯಾದರೂ ಬಿಟ್ಟುಹೋಗಿದೆಯೇ ಎಂದು ಆಶಾ ಕಾರ್ಯಕರ್ತೆಯಿಂದ ಓದಿಸಿ ನೋಡಿರಿ. ಶಾಲೆಗೆ ಹೋಗುವ ಮಕ್ಕಳ ಮರುಲಸಿಕೆಯನ್ನು, ಸಣ್ಣ ಮಕ್ಕಳದಲ್ಲವೆಂದು ಅಲಕ್ಷ್ಯಮಾಡಬೇಡಿರಿ. ಗಾಯವಾದಾಗ ಸುಣ್ಣವನ್ನೋ ಸಗಣಿಯನ್ನೋ ಮೆತ್ತದೆ, ಸೋಪು ನೀರಿನಿಂದ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮನೆಯ ವೃದ್ಧರಿಗೂ ಮಧುಮೇಹಿಗಳಿಗೂ ನ್ಯುಮೋಕಾಕಸ್ ಲಸಿಕೆ ಬೇಕೇ ಎಂದು ಡಾಕ್ಟರನ್ನು ಒಂದು ಮಾತು ಕೇಳಿರಿ.