ಕಿತ್ತಳೆಯ ಸಿಪ್ಪೆಯಲ್ಲಿರುವ ನಾರು

ನಾಗಪುರದ ಕಿತ್ತಳೆ ಮಾರುಕಟ್ಟೆಗೆ ಬಂದಿತೆಂದರೆ ತೊಳೆಗಳು ತಟ್ಟೆಗೂ ಸಿಪ್ಪೆ ಕಸದ ಬುಟ್ಟಿಗೂ ಸೇರುತ್ತವೆ. ನಾರಿನ ದೃಷ್ಟಿಯಿಂದ ನೋಡಿದರೆ ಹೀಗೆ ಬಿಸುಡುವ ಭಾಗವೇ ಹೆಚ್ಚು ಸಮೃದ್ಧ. 100 ಗ್ರಾಂ ತೊಳೆಗಳಲ್ಲಿ 2 ಗ್ರಾಂಗಿಂತ ತುಸು ಹೆಚ್ಚು ನಾರಿದ್ದರೆ, ಅಷ್ಟೇ ತೂಕದ ಹಸಿ ಸಿಪ್ಪೆಯಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಸೋಸಿದ ರಸದಲ್ಲಿ ಉಳಿಯುವುದು ಅತ್ಯಲ್ಪ.

ನಾರು ಎಂದೊಡನೆ ತೆಂಗಿನ ನಾರಿನಂತಹ ಎಳೆಗಳು ಕಣ್ಮುಂದೆ ಬರುವುದು ಸಹಜ. ಪೋಷಣ ವಿಜ್ಞಾನದಲ್ಲಿ ಈ ಪದದ ಅರ್ಥ ವಿಶಾಲವಾದುದು. ಸಣ್ಣ ಕರುಳು ಜೀರ್ಣಿಸಿಕೊಳ್ಳಲಾರದ ಸಸ್ಯಜನ್ಯ ಸಂಕೀರ್ಣ ಶರ್ಕರಗಳು ಹಾಗೂ ಅವುಗಳೊಡನಿರುವ ಲಿಗ್ನಿನ್ ಎಲ್ಲವೂ ನಾರೇ. ಕಿತ್ತಳೆಯ ಸಿಪ್ಪೆಯಲ್ಲಿ ಪೆಕ್ಟಿನ್ ಮತ್ತು ಸೆಲ್ಯುಲೋಸ್ ಪ್ರಧಾನವಾಗಿದ್ದು, ಹೆಮಿಸೆಲ್ಯುಲೋಸ್ ಅವುಗಳಿಗಿಂತ ಕಡಿಮೆ. ಮರಕ್ಕೆ ಗಡಸುತನ ನೀಡುವ ಲಿಗ್ನಿನ್ ಇಲ್ಲಿ ಸ್ವಲ್ಪವೇ.

ಸಿಪ್ಪೆಯ ಬಣ್ಣದ ಹೊರಪದರದಲ್ಲಿ ಸುವಾಸನೆಯ ಎಣ್ಣೆಯಿದೆ. ಅದರ ಕೆಳಗಿನ, ಬೆಂಡಿನಂತಹ ಬಿಳಿಯ ಪದರವು ಪೆಕ್ಟಿನ್ನಿನ ಭಂಡಾರ. ಒಣಗಿದ ಸಿಪ್ಪೆಯ ತೂಕದಲ್ಲಿ ಶೇಕಡಾ 20ರಿಂದ 30ರಷ್ಟು ಪೆಕ್ಟಿನ್ನೇ ಇರುವುದುಂಟು. 1825ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂರಿ ಬ್ರಾಕೊನೊ ಇದನ್ನು ವಿವರಿಸಿ, ಹೆಪ್ಪುಗಟ್ಟುವುದು ಎಂಬರ್ಥದ ಗ್ರೀಕ್ ಮೂಲದಿಂದ ಹೆಸರಿಟ್ಟನು. ಸಸ್ಯದಲ್ಲಿ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಗಾರೆ ಇದು. ಇದರ ಬೆನ್ನೆಲುಬು ಗ್ಯಾಲಕ್ಟ್ಯುರೋನಿಕ್ ಆಮ್ಲದ ಕೊಂಡಿಗಳ ಉದ್ದನೆಯ ಸರಪಳಿ. ಹಲವು ಕೊಂಡಿಗಳಿಗೆ ಮೀಥೈಲ್ ಗುಂಪುಗಳು ಜೋಡಿಸಿಕೊಂಡಿರುತ್ತವೆ. ಸಕ್ಕರೆ ಹೇರಳವಾಗಿದ್ದು ಹುಳಿಯೂ ಸೇರಿದಾಗ ಸರಪಳಿಗಳು ಪರಸ್ಪರ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ಸಿಪ್ಪೆ ಹಾಕಿ ಕಾಯಿಸಿದ ಮಾರ್ಮಲೇಡ್ ಗಟ್ಟಿಯಾಗುವುದು ಹೀಗೆ.

ದೇಹದಲ್ಲಿ ಎರಡೂ ನಾರುಗಳ ದಾರಿ ಬೇರೆ. ನೀರಿನಲ್ಲಿ ಕರಗದ ಸೆಲ್ಯುಲೋಸ್ ಬಹುಪಾಲು ಹಾಗೆಯೇ ಸಾಗಿ ಮಲದ ಗಾತ್ರ ಹೆಚ್ಚಿಸುತ್ತದೆ. ಕರಗುವ ಪೆಕ್ಟಿನ್ ಲೋಳೆಯಾಗಿ ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ದಿನಕ್ಕೆ ಹಲವು ಗ್ರಾಂ ಪೆಕ್ಟಿನ್ ಸೇವನೆಯಿಂದ ರಕ್ತದ ಕೊಲೆಸ್ಟರಾಲ್ ತುಸು ತಗ್ಗುವುದೂ ಕಂಡುಬಂದಿದೆ. ಆದರೆ ಒಂದೆರಡು ಚಮಚ ಗೊಜ್ಜಿನಿಂದ ಅಷ್ಟು ದೊರೆಯದು. ರಾಗಿ, ಕಾಳು, ಸೊಪ್ಪುಗಳ ಸ್ಥಾನವನ್ನು ಸಿಪ್ಪೆ ತುಂಬಲಾರದು.

ಕನ್ನಡಿಗರ ಅಡುಗೆಮನೆಗೆ ಕಿತ್ತಳೆ ಸಿಪ್ಪೆಯ ಗೊಜ್ಜು ಹೊಸದೇನಲ್ಲ. ಕಹಿ ಹೋಗಲೆಂದು ಸಿಪ್ಪೆಯನ್ನು ಬೇಯಿಸಿ ನೀರು ಬಸಿಯುವ ರೂಢಿಯೂ ಉಂಟು. ಆ ನೀರಿನೊಡನೆ ಪೆಕ್ಟಿನ್ನಿನ ಒಂದು ಪಾಲು ಹೊರಟುಹೋಗುತ್ತದೆ, ಸೆಲ್ಯುಲೋಸ್ ಉಳಿಯುತ್ತದೆ. ಹುಣಸೆ, ಬೆಲ್ಲಗಳೊಡನೆ ನೇರವಾಗಿ ಬೇಯಿಸಿದರೆ ಎರಡೂ ಪಾತ್ರೆಯಲ್ಲೇ ಇರುತ್ತವೆ. ಕೀಟನಾಶಕದ ಶೇಷವೂ ಹೊಳಪಿನ ಮೇಣವೂ ಸಿಪ್ಪೆಯ ಮೇಲೆಯೇ ನಿಲ್ಲುವುದರಿಂದ, ಹಣ್ಣನ್ನು ಸುಲಿಯುವ ಮೊದಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದು ಅವಶ್ಯ. ತೊಳೆದರೂ ಶೇಷವೆಲ್ಲ ಹೋಗುವುದಿಲ್ಲವಾದ್ದರಿಂದ ಸಿಪ್ಪೆಯ ಬಳಕೆ ಮಿತವಾಗಿರಬೇಕು.