ಹಳೆಯ ಯುನಿಕ್ಸ್ ಸರ್ವರ್ ಮತ್ತು ಅದರೊಳಗೆ ಉಳಿದ ಖಾತೆಗಳು

2000ನೇ ಇಸವಿಯಲ್ಲಿ ಎರಡೂವರೆ ಲಕ್ಷ ರೂಪಾಯಿಗೆ ಕೊಂಡ ಗಣಕಯಂತ್ರದ ಮೇಲೆ ಅಂದಿನ ಆದಾಯ ತೆರಿಗೆ ನಿಯಮದಂತೆ ಶೇಕಡ 60ರ ದರದಲ್ಲಿ ಸವಕಳಿ ಕಳೆಯುತ್ತ ಹೋದರೆ, ಐದು ವರ್ಷಗಳ ಕೊನೆಗೆ ಪುಸ್ತಕದಲ್ಲಿ ಉಳಿಯುವ ಬೆಲೆ 2,560 ರೂಪಾಯಿ. ಮಲೆನಾಡಿನ ಅಡಿಕೆ ಮಂಡಿ ಸಂಸ್ಥೆಯೊಂದರ ಆಸ್ತಿಪಟ್ಟಿಯಲ್ಲಿ ಇಂತಹ ಅಂಕಿಗೆ ನಾನೇ ಸಹಿ ಹಾಕಿದ್ದೇನೆ. ಯಂತ್ರದೊಳಗಿದ್ದ ಲೆಕ್ಕದ ಬೆಲೆ ಎಷ್ಟೆಂಬುದು ಕಳೆದ ವರ್ಷ ತಿಳಿಯಿತು. ಸಂಸ್ಥೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಆ ಸಂಗತಿಯನ್ನು ವರ್ತಕ ಮಿತ್ರರ ಮುಂದಿಡುತ್ತಿದ್ದೇನೆ.

ಮೂವರು ಸೋದರರ ಪಾಲುದಾರಿಕೆ. ಹಿರಿಯರು ತೀರಿಕೊಂಡ ಬಳಿಕ ಅವರ ಪತ್ನಿ, 2000ದಿಂದ 2007ರವರೆಗೆ ತಮ್ಮ ಯಜಮಾನರ ಬಂಡವಾಳ ಖಾತೆಗೆ ಬಿದ್ದ ಖರ್ಚುಗಳ ವಿವರ ಕೇಳಿದರು. ವಿಷಯ ಮಧ್ಯಸ್ಥಗಾರರ ಮುಂದೆ ಬಂದಿತು. ವರ್ಷಾಂತ್ಯದ ಶಿಲ್ಕು ನನ್ನ ಕಡತದಲ್ಲಿತ್ತು. ಆ ಶಿಲ್ಕಿಗೆ ಬಂದ ದಾರಿ ಇರಲಿಲ್ಲ. 2007ರಲ್ಲಿ ಹೊಸ ಪ್ಯಾಕೇಜಿಗೆ ಹೋದಾಗ ಆರಂಭಿಕ ಶಿಲ್ಕುಗಳನ್ನಷ್ಟೇ ಏರಿಸಲಾಗಿತ್ತು. ಮುದ್ರಿತ ಖಾತೆಗಳನ್ನು ಅಟ್ಟದ ಮೇಲೆ ಗೆದ್ದಲು ತಿಂದಿತ್ತು. ಮೂಲೆಯಲ್ಲಿದ್ದ ಸರ್ವರಿಗೆ ವಿದ್ಯುತ್ ಕೊಟ್ಟಾಗ ಅದರ ಡಿಸ್ಕು ತಿರುಗಲೇ ಇಲ್ಲ. ಉಳಿದದ್ದು ಕೆಲವು ಡ್ಯಾಟ್ ಟೇಪುಗಳು.

ತೊಂಬತ್ತರ ದಶಕದಲ್ಲಿ ವ್ಯಾಪಾರದಲ್ಲಿದ್ದವರಿಗೆ ಆ ವ್ಯವಸ್ಥೆ ನೆನಪಿರಬಹುದು: ಒಂದು ಸರ್ವರ್, ಅದಕ್ಕೆ ತಂತಿಯಲ್ಲಿ ಜೋಡಿಸಿದ ಹಸಿರು ಅಕ್ಷರಗಳ ನಾಲ್ಕಾರು ಟರ್ಮಿನಲ್‌ಗಳು, ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಳಗಿದ್ದುದು ಎಸ್‌ಸಿಓ ಓಪನ್‌ಸರ್ವರ್ 5.0.5 ಎಂಬ ಯುನಿಕ್ಸ್. 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಸಾಂತಾ ಕ್ರೂಜ್ ಆಪರೇಷನ್ ತನ್ನ ಯುನಿಕ್ಸ್ ವ್ಯವಹಾರವನ್ನು 2001ರಲ್ಲಿ ಕಾಲ್ಡೆರಾಕ್ಕೆ ಮಾರಿತು. ಮರುವರ್ಷ ಎಸ್‌ಸಿಓ ಗ್ರೂಪ್ ಎಂಬ ಹೆಸರು ತಳೆದ ಆ ಕಂಪನಿ 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿ, 2007ರಲ್ಲಿ ದಿವಾಳಿ ರಕ್ಷಣೆ ಕೋರಿತು. 2011ರಲ್ಲಿ ಯುನಿಕ್ಸ್ ಮತ್ತೆ ಕೈ ಬದಲಾಯಿಸಿತು. ಮಂಡಿಯ ಲೆಕ್ಕದ ಕ್ರಮವಿಧಿ ಬರೆದುಕೊಟ್ಟ ಸ್ಥಳೀಯ ಸಂಸ್ಥೆಯಂತೂ ಎಂದೋ ಬಾಗಿಲು ಹಾಕಿತ್ತು.

ಟೇಪಿನಲ್ಲಿರುವುದನ್ನು ನೇರವಾಗಿ ಹೊಸ ಗಣಕಕ್ಕೆ ಇಳಿಸಿ ಓದಬಾರದೇ ಎಂದು ನಾನೂ ಕೇಳಿದೆ. ಲೆಕ್ಕವಿದ್ದದ್ದು ಕೋಬಾಲ್ ಭಾಷೆಯ ಕಡತಗಳಲ್ಲಿ. ಅಂದು ಜಾಗ ಉಳಿಸಲು ಒಂದು ಬೈಟಿನಲ್ಲಿ ಎರಡು ಅಂಕಿ ತುಂಬುತ್ತಿದ್ದರು. ದಶಾಂಶ ಬಿಂದುವನ್ನು ಬರೆಯುತ್ತಲೇ ಇರಲಿಲ್ಲ. 1,234.50 ರೂಪಾಯಿ ನಾಲ್ಕು ಬೈಟುಗಳಲ್ಲಿ ಅಡಗುತ್ತದೆ. ಕೊನೆಯ ಅರ್ಧ ಬೈಟಿನಲ್ಲಿ ಸಿ ಇದ್ದರೆ ಧನ, ಡಿ ಇದ್ದರೆ ಋಣ. (ಕ್ರೆಡಿಟ್, ಡೆಬಿಟ್ ಎಂದು ನೆನಪಿಟ್ಟುಕೊಳ್ಳುತ್ತಾರಂತೆ; ನಮ್ಮ ವೃತ್ತಿಯವರಿಗೆ ಸುಲಭ.) ಯಾವ ಬೈಟಿನಲ್ಲಿ ಏನಿದೆಯೆಂಬ ನಕ್ಷೆ ಇಲ್ಲದೆ ಊಹೆಯಿಂದ ಓದಿದ ಅಂಕಿಯನ್ನು ಮಧ್ಯಸ್ಥಗಾರರ ಮುಂದೆ ಇಡುವಂತಿರಲಿಲ್ಲ. ಹಳೆಯ ಕ್ರಮವಿಧಿಯೇ ತನ್ನ ಖಾತೆಯನ್ನು ತಾನೇ ಮುದ್ರಿಸಬೇಕಿತ್ತು. ಆದ್ದರಿಂದ ಅದೇ ಯಂತ್ರದಲ್ಲಿ ಅದೇ ಹಳೆಯ ಯುನಿಕ್ಸನ್ನು ಮರುಸ್ಥಾಪಿಸುವುದೆಂದು ನಿಶ್ಚಯಿಸಿದೆವು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ 9 ಗಿಗಾಬೈಟಿನ ಸ್ಕಸಿ ಡಿಸ್ಕೊಂದು ದೊರೆಯಿತು. ಸಿಡಿ ನಮ್ಮಲ್ಲೇ ಇತ್ತು. ಆದರೆ ಡಿಸ್ಕನ್ನು ನಡೆಸುವ ಕಾರ್ಡು ಈ ಯುನಿಕ್ಸಿಗಿಂತ ಹೊಸದು. ಅದರ ಪರಿಚಯ ಯುನಿಕ್ಸಿಗಿಲ್ಲ. ಬೂಟ್ ಫ್ಲಾಪಿ ಹಾಕಿ, ಪರದೆಯ ಮೇಲೆ 'ಬೂಟ್' ಎಂದು ಬಂದಾಗ 'ಲಿಂಕ್' ಎಂದು ಟೈಪಿಸಿ, ಕಾರ್ಡಿನ ಡ್ರೈವರ್ ಇರುವ ಬೇರೊಂದು ಫ್ಲಾಪಿಯನ್ನು ಕೊಡಬೇಕು. ಅದು ಇಲ್ಲದಿದ್ದರೆ ಯಂತ್ರದಲ್ಲಿ ಡಿಸ್ಕೇ ಇಲ್ಲವೆನ್ನುತ್ತದೆ. ನಮ್ಮಲ್ಲಿದ್ದ ಆ ಫ್ಲಾಪಿ ಬೂಷ್ಟು ಹಿಡಿದಿತ್ತು. ಎರಡು ವಾರ ಕೆಲಸ ನಿಂತಿತು. ಕೊನೆಗೆ ಸಂಸ್ಥೆಯ ನಿವೃತ್ತ ಗುಮಾಸ್ತರು ಮನೆಯಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಫ್ಲಾಪಿಯ ಇನ್ನೊಂದು ಪ್ರತಿಯೂ, ಕೋಬಾಲ್ ರನ್‌ಟೈಮಿನ ಫ್ಲಾಪಿಗಳೂ, ಯುನಿಕ್ಸಿನ ಪರವಾನಗಿ ಪತ್ರವೂ ಅದರಲ್ಲಿದ್ದವು. ಆ ಪತ್ರದ ಸಂಖ್ಯೆ ಮತ್ತು ಸಂಕೇತವಿಲ್ಲದೆ ಸ್ಥಾಪನೆ ಮುಂದುವರಿಯುವುದಿಲ್ಲ. ಮಾಸಿದ ಮಸಿಯಲ್ಲಿ ಎಲ್ ಅಕ್ಷರವನ್ನು ಒಂದು ಎಂದು ಓದಿ ಅರ್ಧ ದಿನ ಕಳೆದೆವು.

ಟೇಪಿನ ವಿಷಯದಲ್ಲಿ ಆತುರ ಸಲ್ಲದು. ಮೊದಲು ಅದರ ಬರಹ ತಡೆಯುವ ಗುಂಡಿಯನ್ನು ಸರಿಸಿ, ಒಂದೇ ಸಲ ಓದಿ ಪೂರ್ಣ ಪ್ರತಿಯನ್ನು ಡಿಸ್ಕಿಗೆ ಇಳಿಸಿಕೊಂಡೆವು. ಹಳೆಯ ಟೇಪು ಎರಡನೆಯ ಸಲ ಓಡುವ ಭರವಸೆಯಿಲ್ಲ. ಆಮೇಲೆ ಲೆಕ್ಕದ ಕಡತಗಳನ್ನಷ್ಟೇ ಬೇರೊಂದು ಜಾಗಕ್ಕೆ ಬಿಡಿಸಿದೆವು. ಟೇಪಿನಲ್ಲಿದ್ದುದನ್ನೆಲ್ಲ ಮೂಲಸ್ಥಾನಕ್ಕೇ ಬಿಡಿಸಿದ್ದರೆ ಹಳೆಯ ಡಿಸ್ಕಿನ ವ್ಯವಸ್ಥಾ ಕಡತಗಳು ಹೊಸ ಸ್ಥಾಪನೆಯ ಮೇಲೆ ಕುಳಿತು ಯಂತ್ರ ಮತ್ತೆ ಮಲಗುತ್ತಿತ್ತು. ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಲಿಲ್ಲ. ಪ್ರಿಂಟರಿಗೆ ಹೋಗಬೇಕಾದ ಖಾತೆಗಳನ್ನು ಕಡತಗಳಾಗಿ ಹಿಡಿದು ಬೇರೆ ಗಣಕಕ್ಕೆ ಒಯ್ದೆವು.

ನಂತರದ್ದು ನನ್ನ ಕೆಲಸ. ಪ್ರತಿ ವರ್ಷದ ತಾಳೆಪಟ್ಟಿಯನ್ನು ಸಹಿಯಾದ ಅಂತಿಮ ಲೆಕ್ಕಗಳೊಂದಿಗೆ ಹೋಲಿಸಿದೆ. ಕೊನೆಯ ವರ್ಷದ ಹೊರತು ಉಳಿದವೆಲ್ಲ ಪೈಸೆಗೆ ಪೈಸೆ ಕೂಡಿದವು. ಕೊನೆಯ ಟೇಪನ್ನು ಮಾರ್ಚ್ ತಿಂಗಳು ಮುಗಿಯುವ ಮೊದಲೇ ತೆಗೆದಿದ್ದರು. ವಿವಾದದ ತಿರುಳು ಸಿಕ್ಕಿದ್ದು 2003-04ರಲ್ಲಿ. ಹಿರಿಯರು ಸ್ವಂತಕ್ಕೆ ತೆಗೆದುಕೊಂಡರೆಂದು ಖರ್ಚು ಬಿದ್ದ 4,75,000 ರೂಪಾಯಿಯ ಎದುರು, ವಿವರಣೆಯ ಸಾಲಿನಲ್ಲಿ, ಗೋದಾಮಿನ ನಿವೇಶನಕ್ಕೆ ಮುಂಗಡವೆಂದು ಬರೆದಿತ್ತು. ಆ ನಿವೇಶನ ಇಂದಿಗೂ ಸಂಸ್ಥೆಯ ಹೆಸರಿನಲ್ಲಿದೆ. ಅದು ಸ್ಥಿರಾಸ್ತಿಗೆ ಹೋಗಬೇಕಾದ ಮೊತ್ತ. ಆ ವರ್ಷದ ಲೆಕ್ಕಪರಿಶೋಧನೆ ನನ್ನದೇ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹಾಗೆಂದೇ ಮಧ್ಯಸ್ಥಗಾರರಿಗೆ ಬರೆದುಕೊಟ್ಟಿದ್ದೇನೆ.

ಕಂಪನಿಗಳು ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಇಡಬೇಕೆಂದು 2013ರ ಕಂಪನಿ ಕಾಯಿದೆ ಹೇಳುತ್ತದೆ; ಜಿಎಸ್‌ಟಿ ಕಾಯಿದೆಯಂತೆ, ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು. ಮನೆಯ ಪಾಲಿನ ಪ್ರಶ್ನೆ ಈ ಅವಧಿಗಳನ್ನು ನೋಡಿಕೊಂಡು ಬರುವುದಿಲ್ಲ. ತಮ್ಮಲ್ಲಿ ಇಂತಹ ಯಂತ್ರವಿದ್ದು ಇನ್ನೂ ಚಾಲೂ ಆಗುವಂತಿದ್ದರೆ ಈ ವರ್ಷವೇ ಖಾತೆಗಳನ್ನು ಸಾದಾ ಪಠ್ಯವಾಗಿ ಹೊರತೆಗೆಯಿಸಿ. ಸಿಡಿ, ಡ್ರೈವರ್ ಫ್ಲಾಪಿ, ಪರವಾನಗಿ ಪತ್ರಗಳನ್ನು ಕ್ರಯಪತ್ರಗಳ ಜೊತೆ ತಿಜೋರಿಯಲ್ಲಿಡಿ. ಪತ್ರದ ಛಾಯಾಚಿತ್ರವೂ ಇರಲಿ.

ಇನ್ನು ಆ ಯಂತ್ರವನ್ನು ಗುಜರಿಗೆ ಹಾಕಬಹುದೇ ಎಂದು ಕಿರಿಯ ಸೋದರರು ಮೊನ್ನೆ ಕೇಳಿದರು. ಮಧ್ಯಸ್ಥಗಾರರ ತೀರ್ಪು ಬರಲಿ, ಅಲ್ಲಿಯವರೆಗೆ ಬಟ್ಟೆ ಹೊದಿಸಿಡಿ ಎಂದಿದ್ದೇನೆ.